ಅನ್ಯರ ಮನೆತನವನ್ನು ಅರಸುವಾಗ

ಸ್ವಂತ ಮನೆತನದ ಚರಿತ್ರೆಯನ್ನು ಹುಡುಕಲು ಹೊರಟವರಲ್ಲಿ ಬಹುಮಂದಿ ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಹಿರಿಯರಲ್ಲಿ ಒಬ್ಬರಾದರೂ ಕೆರೆ ಕಟ್ಟಿಸಿರಬೇಕು, ಅರಮನೆಯ ಕಚೇರಿಯಲ್ಲಿದ್ದಿರಬೇಕು, ಇಲ್ಲವೇ ಗೌಡಿಕೆ, ದೇಸಗತಿಗಳಂಥ ಹಕ್ಕನ್ನು ಅನುಭವಿಸಿರಬೇಕು ಎಂಬ ಆಸೆಯು ದಾಖಲೆ ಓದುವ ಕಣ್ಣನ್ನು ಅರಿವಿಲ್ಲದೆಯೇ ಮಂಕಾಗಿಸುತ್ತದೆ. ಬೇರೊಬ್ಬರ ವಂಶದ ಶೋಧಕ್ಕೆ ನೆರವಾಗುವವರಿಗೆ ಈ ಬಾಧೆಯಿಲ್ಲ. ಆ ವಂಶದ ಕೀರ್ತಿಯಿಂದ ಅವರಿಗೆ ಬರುವುದೂ ಅಪಕೀರ್ತಿಯಿಂದ ಹೋಗುವುದೂ ಏನೂ ಇಲ್ಲವಾದ್ದರಿಂದ, ಕಾಗದ ಹೇಳಿದ್ದನ್ನು ಹೇಳಿದಷ್ಟೇ ಕೇಳಿಸಿಕೊಳ್ಳುವುದು ಅವರಿಗೆ ಸಾಧ್ಯವಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳು ಬಹುಕಾಲ ಶ್ರಮಿಸಿ ಗಳಿಸಬೇಕಾದ ನಿರ್ಮಮತೆ ಪರರಿಗೆ ಮಾಡುವ ಈ ಸಹಾಯದಲ್ಲಿ ತಾನಾಗಿ ಕೈಗೂಡುತ್ತದೆ. ಈ ಕೆಲಸದ ಅತಿ ದೊಡ್ಡ ಪ್ರತಿಫಲ ಬಹುಶಃ ಇದೇ.

ಉತ್ತರ ಕರ್ನಾಟಕದ ಸಮಾಜ ಇಂಥ ನೆರವನ್ನು ಹಿಂದೆಯೇ ಒಂದು ವೃತ್ತಿಯಾಗಿ ರೂಪಿಸಿಕೊಂಡಿತ್ತು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಸೀಮೆಗಳಲ್ಲಿ ಸಂಚರಿಸುವ ಹೆಳವರು, ಅಂದರೆ ಒಕ್ಕಲು ಮನೆತನಗಳ ವಂಶಾವಳಿಯನ್ನು ನೆನಪಿನಲ್ಲೂ ಪುಸ್ತಕದಲ್ಲೂ ಕಾಪಾಡಿಕೊಂಡು ಬಂದಿರುವ ಅಲೆಮಾರಿ ಸಮುದಾಯದವರು, ಸುಗ್ಗಿಯ ನಂತರ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ಆ ಕುಲದ ಮೂಲ ಊರು, ಅದರ ಬೆಡಗು ಎಂದರೆ ಕುಲದೊಳಗಿನ ಉಪಶಾಖೆ, ಹಿರಿಯರು ವಲಸೆ ಬಂದ ದಾರಿ, ತಲೆಮಾರುಗಳ ಹೆಸರು ಇವೆಲ್ಲವನ್ನೂ ಒಂದೇ ಓಟದಲ್ಲಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಕೆಲವೊಮ್ಮೆ ದನಕರುಗಳನ್ನೂ ಕಾಣಿಕೆಯಾಗಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಯಾವ ಮನೆತನಗಳು ಯಾವ ಹೆಳವ ಕುಟುಂಬಕ್ಕೆ ಸೇರಿದವು ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತಿತ್ತು. ಅಕ್ಷರ ಬಾರದ ರೈತನ ಮನೆಗೂ ಅರಸರ ಮನೆಗಿದ್ದಂತೆ ಒಂದು ವಂಶಚರಿತ್ರೆ ಉಳಿದಿದ್ದರೆ, ಅದರ ಋಣ ಸಲ್ಲಬೇಕಾದುದು ಇವರಿಗೆ.

ಆಸ್ತಿಯ ವ್ಯಾಜ್ಯದಲ್ಲಿ ಸಂಬಂಧವನ್ನು ಸಾಬೀತುಪಡಿಸುವ ಪ್ರಶ್ನೆ ಬಂದಾಗ ಕಾನೂನು ಕೂಡ ಇಂಥದೇ ತಟಸ್ಥ ಮಾತನ್ನು ಅರಸುತ್ತದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೆಯ ಕಲಮು, ರಕ್ತಸಂಬಂಧ, ಮದುವೆ, ದತ್ತಕಗಳ ಬಗ್ಗೆ ವಿಶೇಷವಾಗಿ ತಿಳಿದಿದ್ದು ಈಗ ತೀರಿಕೊಂಡಿರುವವರ ಹೇಳಿಕೆಯನ್ನು ಸಾಕ್ಷ್ಯವಾಗಿ ಒಪ್ಪುತ್ತಿತ್ತಾದರೂ, ಆ ಹೇಳಿಕೆ ವಿವಾದ ಹುಟ್ಟುವ ಮೊದಲೇ ಹೊರಟಿರಬೇಕೆಂದು ವಿಧಿಸಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮವೂ ಈ ನಿಯಮವನ್ನು ಉಳಿಸಿಕೊಂಡಿದೆ. ಲಾಭನಷ್ಟದ ಲೆಕ್ಕ ಹುಟ್ಟುವ ಮುನ್ನ ಆಡಿದ ಮಾತಿಗೆ ತೂಕ ಹೆಚ್ಚು ಎಂಬ ಈ ವಿವೇಕವೇ ಪರರ ವಂಶವನ್ನು ಶೋಧಿಸುವವರ ಬಲವೂ ಆಗಿದೆ.

ಇನ್ನು ಕಲಿಕೆಯ ಮಾತು. ಒಂದೇ ಮನೆತನವನ್ನು ಬಲ್ಲವರಿಗೆ ಒಂದೇ ಬಗೆಯ ವಂಶವೃಕ್ಷ ಗೊತ್ತಿರುತ್ತದೆ. ಬಯಲುಸೀಮೆಯವರೊಬ್ಬರು ತುಳುನಾಡಿನ ಬಂಟರ ಮನೆಯೊಂದಕ್ಕೆ ನೆರವಾಗಲು ಕುಳಿತರೆ, ತಂದೆಯಿಂದ ಮಗನಿಗೆ ಎಂಬ ಸಾಲು ಅಲ್ಲಿ ಕೆಲಸಕ್ಕೆ ಬಾರದೆಂದು ತಿಳಿಯುತ್ತದೆ. ಅಳಿಯಸಂತಾನ, ಎಂದರೆ ಆಸ್ತಿಯೂ ಮನೆತನವೂ ಹೆಣ್ಣಿನ ಸಾಲಿನಲ್ಲಿ ಸಾಗಿ, ಸೋದರಮಾವನ ಯಜಮಾನಿಕೆ ಅವನ ಅಕ್ಕತಂಗಿಯರ ಮಕ್ಕಳಿಗೆ ಸಲ್ಲುತ್ತಿದ್ದ ವ್ಯವಸ್ಥೆ, ಅಲ್ಲಿನ ದಾಖಲೆಗಳ ಒಳಗಿನ ತರ್ಕ. ಅದನ್ನರಿಯದೆ ಓದಿದರೆ ಮಾವ ಅಳಿಯಂದಿರು ತಂದೆಮಕ್ಕಳಾಗಿ ಕಾಣುತ್ತಾರೆ. ಅಲ್ಲಿಂದ ಮರಳಿ ತಮ್ಮ ಸೀಮೆಯ ಕಾಗದಗಳನ್ನು ನೋಡಿದಾಗ, ಹಳೆಯ ಕೈಬರಹದ ಪಹಣಿಯಲ್ಲೂ ಬಹುಮಟ್ಟಿಗೆ ಗಂಡುಸಂತಾನವನ್ನೇ ಹಿಡಿದು ಹೋಗುವ ವಂಶಾವಳಿಗಳಲ್ಲೂ ಹೆಣ್ಣುಮಕ್ಕಳು ಎಲ್ಲಿ ಕಳೆದುಹೋದರೆಂಬ ಪ್ರಶ್ನೆ ಮೊದಲ ಬಾರಿಗೆ ಎದುರಾಗುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯಿಂದ ಒಂದೇ ಖಾತೆಯಲ್ಲಿ ಅರವತ್ತು ವರ್ಷಗಳ ಅಂತರದಲ್ಲಿ ಕಾಣುವ ಇಬ್ಬರು ಬಸಪ್ಪಂದಿರನ್ನು ಬೇರ್ಪಡಿಸುವ ತಾಳ್ಮೆಯೂ ಇಂಥ ಕೆಲಸದಲ್ಲೇ ಪಳಗುತ್ತದೆ.

ಇನ್ನೊಂದು ಲಾಭ ಅನಿರೀಕ್ಷಿತವಾದುದು. ಹಳೆಯ ಕ್ರಯಪತ್ರಗಳಲ್ಲಿ ಮಾರಿದ ಜಮೀನಿನ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ ಇರುತ್ತದೆ. ಪೂರ್ವಕ್ಕೆ ಯಾರ ಹೊಲ, ಉತ್ತರಕ್ಕೆ ಯಾರ ಹಿತ್ತಲು ಎಂದು ನೆರೆಯವರ ಹೆಸರುಗಳು ಅಲ್ಲಿ ದಾಖಲಾಗುತ್ತವೆ, ಕೊನೆಗೆ ಸಾಕ್ಷಿಗಳ ರುಜುವೂ ಪತ್ರ ಬರೆದವರ ಹೆಸರೂ ಬರುತ್ತವೆ. ಹೀಗಾಗಿ ಒಂದು ಮನೆತನದ ಪತ್ರದಲ್ಲಿ ಹತ್ತಾರು ಮನೆತನಗಳು ಅಡಗಿರುತ್ತವೆ. ಸ್ವಂತ ಪೆಟ್ಟಿಗೆಯ ಕಾಗದಗಳಲ್ಲಿ ಸಿಗದ ಮುತ್ತಜ್ಜ ಪಕ್ಕದವರ ಕ್ರಯಪತ್ರದ ಪಶ್ಚಿಮ ಎಲ್ಲೆಯಲ್ಲಿ ಸಿಗಬಹುದು. ನೆರೆಯವರ ದಾಖಲೆಗೆ ಕೈಹಾಕದವರಿಗೆ ಅವನು ಎಂದಿಗೂ ಸಿಗಲಾರ.

ಊರೇ ಇಲ್ಲವಾದ ಕಡೆ ಈ ಪರಸ್ಪರತೆಯ ಬೆಲೆ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳನ್ನು ಮುಳುಗಿಸಿದಾಗ, ತಲೆತಲಾಂತರದಿಂದ ನೆರೆಹೊರೆಯಾಗಿದ್ದ ಕುಟುಂಬಗಳು ಒಂದೊಂದು ದಿಕ್ಕಿಗೆ ಚದುರಿದವು. ಆ ಕುಟುಂಬಗಳ ಮೊಮ್ಮಕ್ಕಳು ಮೂಲವನ್ನು ಕೇಳಿದರೆ ತೋರಿಸಲು ಮನೆಯಿಲ್ಲ, ದೇವರ ಬನವಿಲ್ಲ. ಉಳಿದಿರುವುದು ಪರಿಹಾರದ ಕಾಗದ, ಹಳೆಯ ಸರ್ವೆ ನಂಬರು, ಹಿರಿಯರ ನೆನಪು ಇಷ್ಟೆ. ಅಲ್ಲಿ ಒಬ್ಬರಿಗಾಗಿ ಕೇಳಿದ ಪ್ರಶ್ನೆಗೆ ಇನ್ನೊಬ್ಬರ ಮನೆಯ ಅಜ್ಜಿ ಉತ್ತರಿಸಬೇಕಾಗುತ್ತದೆ, ಮತ್ತು ಹಾಗೆ ಕೂಡಿಸಿದ ಉತ್ತರಗಳಿಂದ ಒಂದು ವಂಶಕ್ಕಿಂತ ಹೆಚ್ಚಾಗಿ ಮುಳುಗಿದ ಕೇರಿಯೇ ಕಾಗದದ ಮೇಲೆ ಮರಳಿ ಕಟ್ಟಿಕೊಳ್ಳುತ್ತದೆ. ಇಂಥ ಶೋಧಕ್ಕೆ ಕೈಜೋಡಿಸಿದವರಿಗೆ ದೊರೆಯುವ ತೃಪ್ತಿಯನ್ನು ಹವ್ಯಾಸದ ಸಂತೋಷವೆಂದು ಕರೆಯುವುದು ಅದನ್ನು ಕಿರಿದುಗೊಳಿಸಿದಂತೆ.

ಈ ನೆರವಿಗೆ ಅಂಟಿಕೊಂಡ ಭಾರವೂ ಇದೆ. ಮರೆಮಾಚಿದ ದತ್ತಕ, ಎರಡನೆಯ ಸಂಸಾರ, ಪಾಲಿನಲ್ಲಾದ ಅನ್ಯಾಯ ಹೊರಗಿನವರ ಕಣ್ಣಿಗೇ ಮೊದಲು ಬೀಳುತ್ತವೆ. ಕಂಡದ್ದನ್ನು ತಿರುಚದೆ ಕೇಳಿದವರಿಗೆ ಹೇಳುವುದು, ಕೇಳದವರ ಮುಂದೆ ಬಾಯಿ ಬಿಡದಿರುವುದು, ಖಚಿತವಾದದ್ದನ್ನೂ ಊಹೆಯನ್ನೂ ಬೇರೆ ಬೇರೆ ಬರೆದು ಒಪ್ಪಿಸುವುದು ಇಲ್ಲಿನ ಕಟ್ಟುಪಾಡು. ಮುಂಬಯಿ ಕರ್ನಾಟಕದ ಹಳೆಯ ದಫ್ತರಗಳಲ್ಲಿ ಬಳಕೆಯಾಗಿದ್ದ ಮೋಡಿ ಲಿಪಿಯನ್ನು, ಅಂದರೆ ವೇಗದ ಬರವಣಿಗೆಗಾಗಿ ಮರಾಠಿ ಆಡಳಿತದಲ್ಲಿ ಬೆಳೆದ ಕೂಡುಬರಹವನ್ನು, ಓದಬಲ್ಲವರು ವಿರಳವಾಗುತ್ತಿದ್ದಾರೆ. ಹೆಳವರ ಹೊಸ ತಲೆಮಾರು ಬೇರೆ ಉದ್ಯೋಗಗಳತ್ತ ಹೊರಟಿದೆ. ಹಿರಿಯ ಹೆಳವರೊಬ್ಬರು ವಂಶಾವಳಿ ಹೇಳುವಾಗ ಪಕ್ಕದಲ್ಲಿ ಕುಳಿತು ಧ್ವನಿಮುದ್ರಿಸಿಕೊಂಡು, ಅದರ ಒಂದು ಪ್ರತಿಯನ್ನು ಆ ಮನೆಯವರಿಗೂ ಇನ್ನೊಂದನ್ನು ಹೇಳಿದವರಿಗೂ ಕೊಡಲು ಬೇಕಾದ ಸಲಕರಣೆ ಈಗ ಹಳ್ಳಿಯ ಕಾಲೇಜು ಹುಡುಗರ ಜೇಬಿನಲ್ಲೇ ಇದೆ, ಆದರೆ ಆ ಹಿರಿಯರ ಆಯುಷ್ಯ ಕಾಯುವುದಿಲ್ಲ.