ಕಾರಿಗೆ ಭೂಮಿ ಯಾಕ್ರೀ ಬೇಕು?

"ಭೂಸಂಪರ್ಕ" ಅನ್ನೋ ಪದದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಇಲ್ಲಿ ಕಾರ್ಕೊಂಡುಬಿಡ್ತೀನಿ, ಸಹಿಸ್ಕೊಳ್ಳಿ :-)

ಮನೆಯ ವೈರಿಂಗಿಗೆ ಆ ಪದ ಸರಿಯಾಗೇ ಇದೆ. ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ತಂತಿ ಇಳಿಸ್ತೀವಿ. ಆದರೆ ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತಿರೋ ಅಂಬಾಸಿಡರ್‌ಗೆ ಯಾವ ಭೂಮಿ, ಎಲ್ಲಿಯ ಸಂಪರ್ಕ? ಇಂಗ್ಲೆಂಡಿನವರು ಅರ್ಥ್ ಅಂದರು, ಅಮೆರಿಕದವರು ಗ್ರೌಂಡ್ ಅಂದರು, ನಾವು ಪುಸ್ತಕದಲ್ಲಿ ಅದನ್ನೇ ಕನ್ನಡ ಮಾಡಿ ಕೂತ್ವಿ.

ಪದದ ಜಗಳ ಅಂತ ಮೂಗು ಮುರೀಬೇಡಿ. ಈ ಪದದಿಂದ ಜನರ ದುಡ್ಡು ಹೋಗ್ತಿದೆ. ಮನೆಯ ಅರ್ಥ್ ತಂತಿಯಲ್ಲಿ ಮಾಮೂಲಿ ದಿನ ಕರೆಂಟು ಹರಿಯೋದೇ ಇಲ್ಲ. ಅದು ಕಿತ್ತುಹೋದರೂ ಬಲ್ಬು ಉರಿಯುತ್ತೆ, ಫ್ಯಾನು ತಿರುಗುತ್ತೆ. ಹಾಗಾಗಿ ಅರ್ಥ್ ಅಂದರೆ ಆಪತ್ತಿಗೆ ಇರಲಿ ಅಂತ ಹಾಕಿಸೋದು ಅನ್ನೋ ಭಾವನೆ ತಲೇಲಿ ಕೂತುಬಿಟ್ಟಿದೆ. ಕಾರಿನಲ್ಲಿ ಹಾಗಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟ ಕರೆಂಟು ಇನ್ನೊಂದು ತುದಿಗೆ ವಾಪಸ್ ಬರಲೇಬೇಕು, ಬರೋದು ಬಾಡಿಯ ತಗಡಿನ ಮೂಲಕ. ಬ್ಯಾಟರಿ, ಬಾಡಿ, ಇಂಜಿನ್ ಮೂರನ್ನೂ ಕೂಡಿಸೋ ಆ ಕೇಬಲ್ಲು, ಆ ಹೆಣೆದ ತಾಮ್ರದ ಪಟ್ಟಿ ಸರ್ಕಿಟ್‌ನ ಅರ್ಧ ಭಾಗ.

ಇನ್ನೊಂದು ಮಜಾ. 1960ರ ದಶಕದ ಮಧ್ಯದವರೆಗೆ ಮಾರಿಸ್ ಮೈನರ್‌ನಂಥ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನೇ ಬಾಡಿಗೆ ಕಟ್ಟಿರ್ತಿದ್ರು. ಅಂದರೆ ಬಾಡಿಗೆ ಪ್ಲಸ್ಸಾದರೂ ಆಗುತ್ತೆ, ಮೈನಸ್ಸಾದರೂ ಆಗುತ್ತೆ. ವಾಪಸ್ ದಾರಿ ಮಾತ್ರ ಇರಲೇಬೇಕು.

ನಮ್ಮ ತೊರವಿಯ ಕಾಕಾ ಒಬ್ಬರ ಹತ್ತಿರ ಹಳೇ ಅಂಬಾಸಿಡರ್ ಇದೆ. ಮುಂಜಾನೆ ಸೆಲ್ಫ್ ಹೊಡೆದರೆ ಕಟಕ್ ಅಂತ ಒಂದೇ ಸದ್ದು. ಗ್ಯಾರೇಜಿನಲ್ಲಿ "ಬ್ಯಾಟ್ರಿ ಹೋಗೇತ್ರೀ ಕಾಕಾ, ಹೊಸಾದು ಹಾಕಸ್ರಿ" ಅಂದರು. ಹಾಕಿಸಿದರು. ಹದಿನೈದು ದಿನಕ್ಕೆ ಮತ್ತದೇ ಕಟಕ್. ಸೆಲ್ಫ್ ಮೋಟರ್ ಬಿಚ್ಚಿಸಿದರು, ಬುಷ್ ಹಾಕಿಸಿದರು. ಆಮೇಲೆ "ಹಳೀ ಗಾಡಿ ಹಿಂಗ ಇರ್ತಾವ್ರೀ, ಮಾರಿಬಿಡ್ರಿ" ಅನ್ನೋ ಬುದ್ಧಿಮಾತು. ಗುಜರಿಯವನು ಬಂದು ರೇಟೂ ಕಟ್ಟಿದ! ಬಾನೆಟ್ ತೆಗೆದು ನೋಡಿದರೆ ಇಂಜಿನ್‌ನಿಂದ ಬಾಡಿಗೆ ಹೋಗೋ ಪಟ್ಟಿಯಲ್ಲಿ ಏಳೆಂಟು ಎಳೆ ಉಳಿದಿದ್ವು. ಉಳಿದದ್ದೆಲ್ಲ ಹಸಿರು ಪುಡಿ.

ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ ಅನ್ನೋದನ್ನ ಯಾಕೆ ಮರೀತಾರೋ. ಪಟ್ಟಿ ಇಲ್ಲದಿದ್ದರೆ ಇಂಜಿನ್ನಿಗೂ ಬಾಡಿಗೂ ಸಂಬಂಧವೇ ಇಲ್ಲ. ಆಗ ಸೆಲ್ಫ್‌ನ ಕರೆಂಟು ಸಿಕ್ಕ ದಾರಿ ಹಿಡಿಯುತ್ತೆ, ಚೋಕ್ ಕೇಬಲ್ಲೋ ಸ್ಪೀಡೋಮೀಟರ್ ಕೇಬಲ್ಲೋ. ಅವು ಕಾದು ಹೊಗೆ ಬರುತ್ತೆ. ಸೆಲ್ಫ್ ಮೋಟರಿನ ದಪ್ಪ ಲೈನಿಗೆ ಫ್ಯೂಸ್ ಇರಲ್ಲ, ನೆನಪಿರಲಿ. ಪಕ್ಕದಲ್ಲೇ ಪೆಟ್ರೋಲ್ ಪೈಪು.

"ನಾ ಚೆಕ್ ಮಾಡೇನ್ರಿ, ಕಂಟಿನ್ಯೂಟಿ ಐತಿ" ಅಂತಾರೆ. ಮೀಟರ್ ಬೀಪ್ ಅಂದರೆ ಮುಗೀತು ಇವರಿಗೆ. ಸ್ವಾಮಿ, ಆ ಬೀಪ್‌ಗೆ ಒಂದೇ ಎಳೆ ಸಾಕು. ಸೆಲ್ಫ್ ಎಳೆಯೋದು ನೂರು ನೂರೈವತ್ತು ಆಂಪಿಯರ್. ದಾರಿಯಲ್ಲಿ 0.02 ಓಮ್ ಅಡ್ಡಿ ಇದ್ದರೆ 150 ಆಂಪಿಯರಿಗೆ 3 ವೋಲ್ಟ್ ಅಲ್ಲೇ ಖಲಾಸ್. ಹೈಸ್ಕೂಲಿನ ಲೆಕ್ಕ ಇದು! ನಮ್ಮ ಮಾಮೂಲಿ ಮೀಟರಿನ ಓಮ್ ರೇಂಜಿನಲ್ಲಿ 0.02 ಕಾಣೋದೂ ಇಲ್ಲ.

ಕಾಣಬೇಕಂದರೆ ಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು ಒಂದು ಮೊನೆ ಬ್ಯಾಟರಿಯ ಮೈನಸ್ ಗುಬ್ಬಿಗೆ (ಕ್ಲಿಪ್ಪಿಗಲ್ಲ, ಸೀಸದ ಗುಬ್ಬಿಗೇ), ಇನ್ನೊಂದು ಇಂಜಿನ್ನಿನ ಬರೀ ಲೋಹಕ್ಕೆ ಒತ್ತಿ. ಬೇರೆಯವರಿಗೆ ಸೆಲ್ಫ್ ಹೊಡೆಯೋಕೆ ಹೇಳಿ. 0.2, 0.3ರ ಒಳಗಿದ್ದರೆ ಪರವಾಗಿಲ್ಲ. ಒಂದು ವೋಲ್ಟು ತೋರಿಸಿದರೆ ಬ್ಯಾಟರಿ ಅಂಗಡಿಗೆ ಹೋಗಬೇಡಿ. ಹೆಡ್‌ಲೈಟ್ ಹಾಕಿ ಬಾಡಿಗೂ ಹೀಗೇ ನೋಡಿ. ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಜಿಗಿಯೋ ಗಾಡಿಗಳಲ್ಲಿ ರೇಡಿಯೇಟರ್ ತೊಳೆಸೋ ಮೊದಲು ಇದನ್ನ ನೋಡೋದು ಒಳ್ಳೇದು.

ಶೋಕಿಯವರದ್ದು ಇನ್ನೊಂದು ಕತೆ. 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ರಿಜಿಸ್ಟ್ರೇಷನ್ ನಿಯಮ ಬಂದ ಮೇಲಂತೂ ಹಳೇ ಕಾರಿಗೆ ಮದುಮಗಳ ಸಿಂಗಾರ. ಬಾಡಿ ಬಿಚ್ಚಿ ನಾಲ್ಕು ಕೋಟು ಬಣ್ಣ ಹೊಡೆಸ್ತಾರೆ, ಅದರ ಮೇಲೇ ಅರ್ಥ್ ಬೋಲ್ಟು ಬಿಗೀತಾರೆ. ಬಣ್ಣದೊಳಗೆ ಕರೆಂಟು ಹರಿಯಲ್ಲ ಅಂತ ಟಿಂಕರನಿಗೆ ಯಾರೂ ಹೇಳಿರಲ್ಲ. ಹೊಸಾ ಬಣ್ಣದ ಗಾಡಿ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಕಣ್ಣು ಮಿಟುಕಿಸುತ್ತೆ! ಇನ್ನು ಮೈಲೇಜ್ ಹೆಚ್ಚಾಗುತ್ತೆ ಅಂತ ಬಣ್ಣಬಣ್ಣದ ವೈರಿನ "ಗ್ರೌಂಡಿಂಗ್ ಕಿಟ್" ಮಾರೋರ ಬಗ್ಗೆ ನಾನು ಬರೆಯಲ್ಲ, ಬಿಪಿ ಏರುತ್ತೆ.

"ಹಾಗಾದ್ರೆ ಬ್ಯಾಟರಿ ಸಾಯೋದೇ ಇಲ್ವಾ?" ಅಂತೀರಾ. ಸಾಯುತ್ತೆ, ನಮ್ಮ ಬಿಜಾಪುರದ ಬಿಸಿಲಿಗೆ ಬೇಗನೇ ಸಾಯುತ್ತೆ. ಮೊದಲು ವಾಪಸ್ ದಾರಿ ಅಳೆದು ಆಮೇಲೆ ಕೊಲೆ ಆರೋಪ ಹೊರಿಸಿ ಅನ್ನೋದಷ್ಟೇ ನನ್ನ ತಕರಾರು. ಮತ್ತೆ ಕನ್ನಡದ ಪದ ಬೇಕಂದರೆ, ಗ್ಯಾರೇಜಿನ ಹುಡುಗರು "ಬಾಡಿ ಕೊಡು" ಅಂತಾರಲ್ಲ, ಅದು "ಭೂಸಂಪರ್ಕ"ಕ್ಕಿಂತ ಸಾವಿರ ಪಾಲು ಸರಿ.

ಹೆಣೆದ ಪಟ್ಟಿ ಸಿಗದಿದ್ದರೆ ದಪ್ಪ ಬ್ಯಾಟರಿ ಕೇಬಲ್ಲನ್ನೇ ತೊಗೊಂಡು ಎರಡೂ ತುದಿಗೆ ಲಗ್ ಒತ್ತಿಸಿ ಹಾಕಿ. ಇಂಜಿನ್ ಅಲ್ಲಾಡೋಕೆ ಸ್ವಲ್ಪ ಸಡಿಲ ಬಿಡಿ. ಬೋಲ್ಟು ಕೂರೋ ಜಾಗದಲ್ಲಿ ಬಣ್ಣ ಕೆರೆದು ತಗಡು ಹೊಳೆಯೋ ಹಾಗೆ ಮಾಡಿ, ಬಿಗಿದಾದ ಮೇಲೆ ಮೇಲಿಂದ ವ್ಯಾಸಲೀನ್ ಸವರಿ. ಕಾಕಾನ ಗಾಡಿಗೆ ಹಾಗೇ ಮಾಡಿದ್ದು. ಗುಜರಿಯವನು ಎರಡು ಸಲ ಬಂದು ಕೇಳಿ ವಾಪಸ್ ಹೋದ.