ಜೀಪಿಗೆ ದಪ್ಪ ಟಯರು ಹಾಕಿಸುವ ಮಹಾನುಭಾವರಿಗೆ

ಅಡಕೆಗೆ ಒಳ್ಳೆ ರೇಟು ಬಂದ ವರ್ಷ ನಮ್ಮ ಕಡೆ ಎರಡು ಕೆಲಸ ಆಗುತ್ತವೆ. ಒಂದು, ಮನೆ ಜಗಲಿಗೆ ಟೈಲ್ಸ್ ಬೀಳುತ್ತದೆ. ಇನ್ನೊಂದು, ಕೊಟ್ಟಿಗೆ ಪಕ್ಕ ನಿಂತಿರುವ ಹಳೇ ಜೀಪಿಗೆ ದಪ್ಪ ಟಯರು ಬೀಳುತ್ತದೆ. ಟೈಲ್ಸ್ ಬಗ್ಗೆ ನನ್ನದೇನೂ ತಕರಾರಿಲ್ಲ, ಜಾರಿ ಬಿದ್ದರೆ ಅವರವರ ಸೊಂಟ. ಟಯರಿನ ವಿಷಯದಲ್ಲಿ ಮಾತ್ರ ಸುಮ್ಮನಿರಲು ಆಗುತ್ತಿಲ್ಲ ಮಾರಾಯ್ರೆ.

ಯಾಕೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಒಂಟಿ ಮನೆಗಳಿಗೆ ಜೀಪು ಅಂದರೆ ಶೋಕಿ ಅಲ್ಲ. ಟಾರು ರಸ್ತೆಯಿಂದ ಒಂದೋ ಎರಡೋ ಕಿಲೋಮೀಟರು ಒಳಗೆ, ದರೆ ಕಡಿದು ಮಾಡಿದ ಮಣ್ಣಿನ ರಸ್ತೆಯ ಕೊನೆಗೆ ಮನೆ. ಜೂನ್ ಎರಡನೇ ವಾರದಿಂದ ಆ ರಸ್ತೆಗೆ ಕಾರು ಬರುವುದಿಲ್ಲ, ಆಟೋ ಬರುವುದಿಲ್ಲ, 108 ಆಂಬುಲೆನ್ಸೂ ಟಾರು ರಸ್ತೆಯಲ್ಲೇ ನಿಂತು ಕಾಯಬೇಕು. ಅಲ್ಲಿಯವರೆಗೆ ಹೆರಿಗೆ ನೋವಿನವರನ್ನು, ಎದೆನೋವಿನ ಅಜ್ಜನನ್ನು ಮುಟ್ಟಿಸುವುದು ಇದೇ ಹಳೇ ಜೀಪು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಹುಲಿಕಲ್ ಕಡೆಯದ್ದೂ ಅದೇ ಕಥೆ. ಈ ಮಳೆಯಲ್ಲಿ ಜೀಪು ಹತ್ತುತ್ತದೋ ಇಲ್ಲವೋ ಎಂಬುದು ಫೋಟೋದಲ್ಲಿ ಚೆಂದ ಕಾಣುವ ಪ್ರಶ್ನೆ ಅಲ್ಲ.

ಈಗ ವಿಷಯಕ್ಕೆ ಬರೋಣ. ನಮ್ಮ ಕಡೆಯ ಹಳೇ ಮಹೀಂದ್ರಾ ಜೀಪುಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬಂದದ್ದು 6.00-16 ಟಯರಿನ ಮೇಲೆ. ಅಂದರೆ ಟಯರಿನ ಅಗಲ ಸುಮಾರು ಆರು ಇಂಚು, ರಿಮ್ಮಿನ ವ್ಯಾಸ 16 ಇಂಚು, ರಿಮ್ಮಿನ ಅಗಲ ನಾಲ್ಕೂವರೆ ಇಂಚು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೂ ಇದೇ ಅಳತೆ. ಯುರೋಪಿನ ಕೆಸರಿನಲ್ಲಿ, ಬರ್ಮಾದ ಕಾಡಿನಲ್ಲಿ ಓಡಿದ್ದು ಇದೇ ಸಪೂರ ಚಕ್ರ. ಅದನ್ನು ಆರಿಸಿದವರಿಗೆ ತಲೆ ಇರಲಿಲ್ಲ, ಪೇಟೆಯ ಟಯರು ಅಂಗಡಿಯವನಿಗೆ ಇದೆ ಅಂತ ನಂಬುವವರಿಗೆ ಏನು ಹೇಳುವುದು?

ದಪ್ಪ ಟಯರಿನವರ ಮೊದಲನೇ ವಾದ: "ಗಾಡಿ ಎತ್ತರ ಆಗ್ತದೆ." ಲೆಕ್ಕ ಹಾಕಿ ನೋಡಿ. 235/75 ಆರ್15 ಅಂದರೆ 235ರ ಶೇಕಡಾ 75, ಅಂದರೆ 176 ಮಿ.ಮೀ. ಮೇಲೆ ಕೆಳಗೆ ಎರಡೂ ಸೇರಿ 352. ರಿಮ್ಮಿನ 381 ಕೂಡಿಸಿದರೆ 733 ಮಿ.ಮೀ. ಹಳೇ 6.00-16 ಟಯರಿನ ಎತ್ತರ ಹತ್ತಿರ ಹತ್ತಿರ 730! ಸಾವಿರಾರು ರೂಪಾಯಿ ಸುರಿದು ಗಳಿಸಿದ್ದು ಏನು? ಡಿಫರೆನ್ಶಿಯಲ್ ಗುಂಡು ಮೊದಲು ಯಾವ ಕಲ್ಲಿಗೆ ಬಡಿಯುತ್ತಿತ್ತೋ ಈಗಲೂ ಅದೇ ಕಲ್ಲಿಗೆ ಬಡಿಯುತ್ತದೆ. ಎತ್ತರ ಬರುವುದು ಟಯರಿನ ವ್ಯಾಸದಿಂದ, ಅಗಲದಿಂದ ಅಲ್ಲ.

ಇನ್ನೂ ಮುಂದೆ ಹೋಗಿ 31 ಇಂಚಿನ, ಹತ್ತೂವರೆ ಇಂಚು ಅಗಲದ್ದು ಹಾಕಿಸುವವರಿದ್ದಾರೆ. ಅವರಿಗೆ ಒಂದು ಇಂಚು ಚಿಲ್ಲರೆ ಎತ್ತರ ಸಿಗುತ್ತದೆ, ಒಪ್ಪಿದೆ. ಆದರೆ ಚಕ್ರ ದೊಡ್ಡದಾದಷ್ಟೂ ಗೇರಿನ ಎಳೆತ ಕಮ್ಮಿ, ಸುಮಾರು ಏಳೆಂಟು ಪರ್ಸೆಂಟು. ಬ್ರೇಕಿನ ಹಿಡಿತವೂ ಅಷ್ಟೇ ಕಮ್ಮಿ. ಸ್ಪೀಡೋಮೀಟರು ಸುಳ್ಳು ಹೇಳುತ್ತದೆ. ನಾಲ್ಕು ಕ್ವಿಂಟಾಲು ಅಡಕೆ ಹೇರಿಕೊಂಡು ಘಾಟಿ ಇಳಿಯುವ ಹಳೇ ಡ್ರಮ್ ಬ್ರೇಕಿನ ಗಾಡಿಗೆ ಇದು ಬೇಕಿತ್ತಾ?

ಎರಡನೇ ವಾದ: "ಅಗಲ ಇದ್ದಷ್ಟೂ ಹಿಡಿತ ಜಾಸ್ತಿ." ಇದು ಎಲ್ಲಿ ನಿಜ ಅಂದರೆ ಮರಳಿನಲ್ಲಿ ನಿಜ, ತಳವೇ ಇಲ್ಲದ ಕೆಸರಿನಲ್ಲಿ ನಿಜ. ಅಲ್ಲಿ ಹೂತುಹೋಗದೆ ಮೇಲೆ ತೇಲಬೇಕು. ನಾಟಿ ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುವುದು ಅದಕ್ಕೇ. ಆದರೆ ನೀವು ಜೀಪು ತೆಗೆದುಕೊಂಡು ನಾಟಿ ಮಾಡುತ್ತೀರಾ? ನಮ್ಮ ಮನೆ ರಸ್ತೆಗಳ ಕಥೆ ಬೇರೆ. ಮೇಲೆ ನಾಲ್ಕೈದು ಇಂಚು ಕೆಂಪು ರಾಡಿ, ಕೆಳಗೆ ಗಟ್ಟಿ ಜಂಬಿಟ್ಟಿಗೆ ಅಥವಾ ಹಾಸುಗಲ್ಲು. ಸಪೂರ ಟಯರು ರಾಡಿಯನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ ಟಯರು ರಾಡಿಯ ಮೇಲೆಯೇ ಕೂತು ಜಾರುತ್ತದೆ, ಜೊತೆಗೆ ಮುಂದಿನ ಕೆಸರನ್ನೆಲ್ಲ ಗುಡ್ಡೆ ಮಾಡಿ ತಳ್ಳಿಕೊಂಡು ಹೋಗುತ್ತದೆ. ಒಂದು ಬದಿ ದರೆ, ಇನ್ನೊಂದು ಬದಿ ತೋಟ ಇರುವಲ್ಲಿ ಎರಡು ಅಡಿ ಜಾರಿದರೂ ಸಾಕು. ಟಾರಿನ ಮೇಲೂ ಅಷ್ಟೆ, ನಿಂತ ನೀರಿನ ಮೇಲೆ ಅಗಲದ ಟಯರು ಸಪೂರದ್ದಕ್ಕಿಂತ ಬೇಗ ತೇಲುತ್ತದೆ.

ನನ್ನ ಮಾತು ನಂಬಬೇಡಿ. ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳ ಚಕ್ರವನ್ನು ನಿಂತು ನೋಡಿ. ಹೊಟ್ಟೆಪಾಡಿಗೆ ಗಾಡಿ ಓಡಿಸುವವನು ಏನು ಹಾಕಿದ್ದಾನೆ, ಫೇಸ್‌ಬುಕ್ಕಿಗೆ ಫೋಟೋ ಹಾಕುವವನು ಏನು ಹಾಕಿದ್ದಾನೆ? ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

"ಸಪೂರ ಟಯರು ರಸ್ತೆಯಲ್ಲಿ ಗಾಡಿ ಜಾಡು ಕೊರೆಯುತ್ತದೆ" ಅನ್ನುವವರೂ ಇದ್ದಾರೆ. ಈ ವಾದದಲ್ಲಿ ಸ್ವಲ್ಪ ಹುರುಳಿದೆ, ಎತ್ತಿನಗಾಡಿಯ ಕಬ್ಬಿಣದ ಪಟ್ಟಿ ಕೊರೆದ ಜಾಡು ನಾವೂ ನೋಡಿದ್ದೇವೆ. ಆದರೆ ಜೀಪು ರಸ್ತೆ ಹಾಳು ಮಾಡುವುದು ಹೆಚ್ಚಾಗಿ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿದಾಗ. ನೆಲ ಕಚ್ಚಿದ ಚಕ್ರ ತಿರುಗಿ ಹೊಂಡ ತೋಡುವುದಿಲ್ಲ, ಗಾಡಿಯನ್ನು ಮುಂದೆ ತಳ್ಳುತ್ತದೆ.

ಇನ್ನು ಗಾಡಿಯ ಆರೋಗ್ಯ. ಅಗಲದ ಟಯರು ಒಳಗೆ ಲೀಫ್ ಸ್ಪ್ರಿಂಗಿಗೆ ತಾಗಬಾರದು ಅಂತ ಅದರ ರಿಮ್ಮನ್ನು ಹೊರಕ್ಕೆ ತಳ್ಳಿರುತ್ತಾರೆ. ಚಕ್ರ ಹೊರಗೆ ಹೋದಷ್ಟೂ ವೀಲ್ ಬೇರಿಂಗಿಗೆ, ಕಿಂಗ್‌ಪಿನ್ನಿಗೆ ಭಾರ. ಪವರ್ ಸ್ಟೇರಿಂಗ್ ಇಲ್ಲದ ಹಳೇ ಜೀಪನ್ನು ತಿರುಗಿಸಲು ಭೀಮ ಬೇಕು. ಹೊಂಡಕ್ಕೆ ಬಿದ್ದರೆ ಸ್ಟೇರಿಂಗು ಕೈಬೆರಳು ಮುರಿಯುವ ಹಾಗೆ ತಿರುಗುತ್ತದೆ. ಮಳೆಗಾಲದಲ್ಲಿ ಚೈನು ಸುತ್ತಲು ಜಾಗವೇ ಉಳಿದಿರುವುದಿಲ್ಲ. ಕಾನೂನೂ ಸುಮ್ಮನಿಲ್ಲ. ಕಂಪನಿಯ ಮೂಲ ಅಳತೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಷ್ಟೆಲ್ಲ ಅನುಭವಿಸಿ ಕೆಲವರಿಗೆ ಬುದ್ಧಿ ಬರುತ್ತದೆ, ಸಪೂರ ಟಯರಿಗೆ ವಾಪಸು ಬರುತ್ತಾರೆ. ನಿಜವಾದ ಅನಾಹುತ ಶುರುವಾಗುವುದು ಇಲ್ಲಿ! ಹಳೇ ರಿಮ್ಮು ಗುಜರಿಗೆ ಹೋಗಿ ವರ್ಷ ಆಗಿರುತ್ತದೆ. ಅಂಗಡಿಯವನು ಇದ್ದ ಅಗಲದ ರಿಮ್ಮಿಗೇ ಸಪೂರ ಟಯರನ್ನು ಎಳೆದು ಕೂರಿಸಿಕೊಡುತ್ತಾನೆ. ಪೇಟೆಯ ಒಂದು ಅಂಗಡಿಯಲ್ಲಿ ನನಗೇ "ಏನೂ ಆಗಲ್ಲ ಸಾರ್, ಕೂರ್ತದೆ" ಅಂದರು. ಕೂರುತ್ತದೆ, ಯಾರು ಇಲ್ಲ ಅಂದರು? ಟಯರಿನ ಅಂಚು ಎರಡೂ ಕಡೆಗೆ ಜಗ್ಗಿ, ಪಕ್ಕದ ಗೋಡೆ ಬಿಗಿದು, ರಿಮ್ಮಿನ ತುದಿ ಹೊರಗೆ ಚಾಚಿಕೊಂಡಿರುತ್ತದೆ. ಕಲ್ಲು ಮೊದಲು ಬಡಿಯುವುದು ರಿಮ್ಮಿಗೆ. ಕೆಸರಿಗೆ ಅಂತ ಗಾಳಿ ಇಳಿಸಿದರೆ ಅಂಚು ಕಳಚಿಕೊಳ್ಳುತ್ತದೆ. ತಿರುವಿನಲ್ಲಿ ಕಳಚಿಕೊಂಡರೆ ಆಮೇಲೆ ಅಂಗಡಿಯವನು ಬರುವುದಿಲ್ಲ.

ಹಾಗಾಗಿ ವಾಪಸು ಬರುವವರು ಟಯರಿಗಿಂತ ಮೊದಲು ರಿಮ್ಮು ನೋಡಿ.

1) 6.00-16 ಹಾಕುವುದಾದರೆ ನಾಲ್ಕೂವರೆ ಇಂಚಿನ 16ರ ರಿಮ್ಮೇ ಬೇಕು. ಗುಜರಿಯಲ್ಲಿ ಹುಡುಕಿದರೆ ಸಿಗುತ್ತದೆ. ತೂತುಗಳು ಮೊಟ್ಟೆಯಾಕಾರ ಆಗಿದೆಯಾ, ಮಧ್ಯದ ತಟ್ಟೆ ಸೇರುವ ಜಾಗದಲ್ಲಿ ಬಿರುಕಿದೆಯಾ, ಟಯರು ಕೂರುವ ಅಂಚನ್ನು ತುಕ್ಕು ತಿಂದಿದೆಯಾ ನೋಡಿ. ಹಬ್ಬಿಗೆ ಕಟ್ಟಿ ತಿರುಗಿಸಿ, ಓಲಾಡಿದರೆ ಬೇಡ. ಇದಕ್ಕೆ ಟ್ಯೂಬು ಹಾಕಲೇಬೇಕು, ಹಳೇ ರಿಮ್ಮಿನಲ್ಲಿ ಟ್ಯೂಬ್‌ಲೆಸ್ ಸಾಹಸ ಬೇಡ.

2) ಐದು ತೂತು ಇದ್ದ ಮಾತ್ರಕ್ಕೆ ನಿಮ್ಮ ಜೀಪಿನದ್ದಲ್ಲ. ಪಕ್ಕಪಕ್ಕದ ಎರಡು ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. 82 ಮಿ.ಮೀ. ಬರಬೇಕು. ಅದನ್ನು 1.7ರಿಂದ ಗುಣಿಸಿದರೆ ಸುಮಾರು 139.7, ಅಂದರೆ ಜೀಪಿನ ಐದೂವರೆ ಇಂಚಿನ ವೃತ್ತ. ಅದು ಸರಿ ಬಂದರೂ ನಡುವಿನ ದೊಡ್ಡ ತೂತು ಹಬ್ಬಿಗೆ ಹೊಂದಬೇಕು, ರಿಮ್ಮು ಒಳಗೆ ಹೊರಗೆ ಎಷ್ಟು ಕೂರುತ್ತದೆ ಅಂತಲೂ ನೋಡಬೇಕು. ಸ್ಪೇಸರ್ ಹಾಕಿ ಹೊಂದಿಸುವ ಕೆಲಸ ಮಾಡಬೇಡಿ.

3) ನಟ್ಟು ರಿಮ್ಮಿಗೆ ತಕ್ಕದ್ದಿರಲಿ. ಅಲಾಯ್ ರಿಮ್ಮಿನ ನಟ್ಟನ್ನೇ ಕಬ್ಬಿಣದ ರಿಮ್ಮಿಗೆ ಬಿಗಿಯಬೇಡಿ. ಹಳೇ ವಿಲ್ಲಿಸ್ ಮಾದರಿಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ಮರೆಯದ್ದು, ಗೊತ್ತಿಲ್ಲದೆ ಬಿಚ್ಚಲು ಹೋದವರು ಸ್ಟಡ್ಡನ್ನೇ ಮುರಿಯುತ್ತಾರೆ.

4) 16ರ ರಿಮ್ಮು ಸಿಗಲೇ ಇಲ್ಲ, ರೇಡಿಯಲ್ಲೇ ಬೇಕು ಅಂದರೆ ಆರು ಇಂಚು ಅಗಲದ 15ರ ಕಬ್ಬಿಣದ ರಿಮ್ಮು, ಅದರ ಮೇಲೆ ಬೊಲೆರೊಗೆ ಬರುವ 215/75 ಆರ್15 ಟಯರು. ಎತ್ತರ 703 ಮಿ.ಮೀ., ಅಂದರೆ ನೆಲದಿಂದ ಒಂದು ಸೆಂಟಿಮೀಟರು ಚಿಲ್ಲರೆ ಕೆಳಗಿಳಿಯುತ್ತೀರಿ. ಅಷ್ಟು ಸಹಿಸಬಹುದು.

5) ನಾಲ್ಕೂ ಒಂದೇ ಅಳತೆ, ಸ್ಟೆಪ್ನಿಯೂ ಸೇರಿ. ಹಿಂದೆ ದಪ್ಪದ್ದು, ಮುಂದೆ ಸಪೂರದ್ದು ಹಾಕುವ ಫ್ಯಾಶನ್ ಒಂದಿದೆ. ಆ ಎರಡರ ಎತ್ತರ ಬೇರೆ ಬೇರೆಯಾದರೆ ಹಳೇ ಜೀಪಿನ ಫೋರ್ ವೀಲ್ ಡ್ರೈವ್ ಹಾಕಿದ ಕೂಡಲೇ ಹಿಂದಿನ ಮುಂದಿನ ಆಕ್ಸಲ್ಲುಗಳು ಒಂದಕ್ಕೊಂದು ಜಗ್ಗಾಡುತ್ತವೆ, ಯಾಕೆಂದರೆ ಮಧ್ಯದಲ್ಲಿ ಡಿಫರೆನ್ಶಿಯಲ್ ಇಲ್ಲ. ಮೊದಲು ಟಯರು ಸವೆಯುತ್ತದೆ, ಆಮೇಲೆ ಗೇರು ಹೋಗುತ್ತದೆ.

6) ಟ್ರ್ಯಾಕ್ಟರಿನ ಮುಂದಿನ ಚಕ್ರವೂ 6.00-16. ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ತಂದು ಜೀಪಿಗೆ ಹಾಕುವ ಬುದ್ಧಿವಂತಿಕೆ ಬೇಡ. ಅದು ಟ್ರ್ಯಾಕ್ಟರಿನ ವೇಗಕ್ಕೆ ಮಾಡಿದ್ದು.

ಕಂಪನಿಯವರು 2020ರ ಹೊಸ ಥಾರ್‌ಗೆ 255/65 ಆರ್18 ಕೊಟ್ಟರಲ್ಲ ಅಂತ ಕೇಳಬೇಡಿ. ಅದರ ಸಸ್ಪೆನ್ಶನ್, ಬ್ರೇಕು, ಸ್ಟೇರಿಂಗು ಎಲ್ಲ ಆ ಚಕ್ರಕ್ಕೇ ಲೆಕ್ಕ ಹಾಕಿ ಮಾಡಿದ್ದು. ಮೊಮ್ಮಗನ ಶೂ ಚೆಂದ ಇದೆ ಅಂತ ಅಜ್ಜನ ಕಾಲಿಗೆ ತುರುಕಿದರೆ ಅಜ್ಜ ಓಡುವುದಿಲ್ಲ, ಬೀಳುತ್ತಾನೆ.

ದುಡ್ಡು ನಿಮ್ಮದು, ಗಾಡಿ ನಿಮ್ಮದು, ಏನಾದರೂ ಮಾಡಿಕೊಳ್ಳಿ ಅನ್ನಬಹುದಿತ್ತು. ಆದರೆ ಮಳೆಗಾಲದ ರಾತ್ರಿ ಪಕ್ಕದ ಮನೆಯವರು ಓಡಿಬಂದು ಬಾಗಿಲು ಬಡಿದು ಜೀಪು ಕೇಳಿದಾಗ ಅದು ನಿಮ್ಮೊಬ್ಬರ ಗಾಡಿ ಆಗಿರುವುದಿಲ್ಲ. ಕೊಟ್ಟಿಗೆಯ ಅಟ್ಟದಲ್ಲಿ ಆ ಹಳೇ ಕಬ್ಬಿಣದ ರಿಮ್ಮುಗಳು ಇನ್ನೂ ಇದ್ದರೆ ದಯವಿಟ್ಟು ಕೇಜಿ ಲೆಕ್ಕದಲ್ಲಿ ಮಾರಬೇಡಿ. ಕೆಳಗಿಳಿಸಿ, ತುಕ್ಕು ಉಜ್ಜಿ, ಬಣ್ಣ ಹೊಡೆಸಿ. ಇನ್ನೊಂದು ಜಡಿಮಳೆ ಹಿಡಿಯುವುದರೊಳಗೆ ವಾಪಸು ಹಾಕಿಸಿ.