ಟ್ರ್ಯಾಕ್ಟರಿನ ಹಿಂದಿನ ಶಾಫ್ಟು ಅಲುಗಾಡಿದಾಗ

ಸೋಯಾ ರಾಶಿ ಮುಗಿದು ಗೋವಿನಜೋಳದ ರಾಶಿ ಶುರುವಾಗುವ ಹೊತ್ತಿಗೆ ಮಿಶ್ರಿಕೋಟಿಯಂಥ ಊರಿನಲ್ಲಿ ವಿಜ್ಞಾನದ ಮಾಸ್ತರರಿಗೆ ಪುಸ್ತಕದ ಹೊರಗಿನ ಪ್ರಶ್ನೆಗಳೇ ಹೆಚ್ಚು ಬರುತ್ತವೆ. ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ್ದು ಇದು: "ಸರ್, ನಮ್ಮ ಟ್ರ್ಯಾಕ್ಟರಿನ ಹಿಂದಿನ ಶಾಫ್ಟ್ ಅಲಗ್ಯಾಡಾಕತ್ತೈತ್ರಿ. ಗ್ಯಾರೇಜಿನವ್ರು ಗೇರ್‌ಬಾಕ್ಸ್ ಬಿಚ್ಚಬೇಕಂತಾರ. ಅಪ್ಪ ಈ ರಾಶಿ ಮುಗೀಲಿ, ಆಮೇಲೆ ನೋಡೂಣು ಅಂತಾನ. ಯಾವುದು ಖರೆ ರೀ?"

ಎರಡೂ ಅವಸರದ ಮಾತು. ಶಾಫ್ಟು ಯಾವ ದಿಕ್ಕಿಗೆ ಅಲುಗಾಡುತ್ತದೆ ಎಂದು ನೋಡದೆ ಗೇರ್‌ಬಾಕ್ಸು ಬಿಚ್ಚುವುದು ದುಡ್ಡಿನ ನಷ್ಟ. ನೋಡದೆಯೇ ರಾಶಿ ಮಾಡುವುದು ಇನ್ನೂ ದೊಡ್ಡ ನಷ್ಟಕ್ಕೆ ದಾರಿ.

ಪಿ.ಟಿ.ಓ. ಎಂದು ಎಲ್ಲರೂ ಕರೆಯುವ ಈ ಶಾಫ್ಟು ಎಂಜಿನ್ನಿನ ಶಕ್ತಿಯನ್ನು ಟ್ರ್ಯಾಕ್ಟರಿನ ಚಕ್ರಕ್ಕಲ್ಲದೆ ಬೇರೆ ಯಂತ್ರಕ್ಕೆ ಕೊಡುತ್ತದೆ. ಹಿಂದೆ ಕೊಯ್ಲಿನ ಯಂತ್ರಗಳಿಗೆ ಶಕ್ತಿ ಬರುತ್ತಿದ್ದುದು ನೆಲದ ಮೇಲೆ ಉರುಳುವ ಅವುಗಳದೇ ಚಕ್ರದಿಂದ. ನೆಲ ಹಸಿಯಾಗಿ ಚಕ್ರ ಜಾರಿದರೆ ಯಂತ್ರವೂ ನಿಂತಂತೆಯೇ. ಎರೆಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರಲ್ಲಿ ಈ ಶಾಫ್ಟಿರುವ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಅದೇ ಕಂಪನಿ 1963ರಲ್ಲಿ ಮಹೀಂದ್ರದೊಂದಿಗೆ ಕೂಡಿ ಭಾರತದಲ್ಲಿ ಟ್ರ್ಯಾಕ್ಟರು ತಯಾರಿಕೆಗೆ ಕೈಹಾಕಿತು.

ನಮ್ಮ ಕಡೆಯ ಹಳೆಯ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಈ ಶಾಫ್ಟಿನ ದಪ್ಪ 35 ಮಿಲಿಮೀಟರು. ಮೈಮೇಲೆ ಉದ್ದುದ್ದ 6 ಹಲ್ಲು. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ವಿದ್ಯಾರ್ಥಿಗಳೇ, ಇಲ್ಲಿ ಒಂದು ಲೆಕ್ಕ ಮಾಡಿ. 35 ಮಿ.ಮೀ. ವ್ಯಾಸಕ್ಕೆ ಪರಿಧಿ ಸುಮಾರು 11 ಸೆಂಟಿಮೀಟರು. ಅದನ್ನು 9ರಿಂದ ಗುಣಿಸಿದರೆ 99. ಅಂದರೆ ಟವೆಲ್ಲಿನ ತುದಿಯೋ ಸೀರೆಯ ಸೆರಗೋ ಸಿಕ್ಕರೆ ಈ ಶಾಫ್ಟು ಸೆಕೆಂಡಿಗೆ ಒಂದು ಮೀಟರಿನಷ್ಟು ಸುತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಕೂಗುವುದೂ ಸಾಧ್ಯವಾಗುವುದಿಲ್ಲ. ರಾಶಿ ಯಂತ್ರಗಳಲ್ಲಿ ಜನ ಕೈ ಕಳೆದುಕೊಳ್ಳುತ್ತಿದ್ದ ಕಾಲಕ್ಕೆ, 1983ರಲ್ಲಿ, ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆಂದೇ ಒಂದು ಕಾಯ್ದೆ ಮಾಡಿತ್ತು. ಆದರೆ ಶಾಫ್ಟಿನ ಮೇಲಿನ ತಗಡಿನ ಮುಚ್ಚಳವನ್ನು ಬಿಚ್ಚಿ ಕೊಟ್ಟಿಗೆಯ ಮೂಲೆಗೆ ಎಸೆಯುವವರು ನಾವೇ. ಆದ್ದರಿಂದ ಮುಂದೆ ಹೇಳುವ ಪರೀಕ್ಷೆಗಳೆಲ್ಲ ಎಂಜಿನ್ ಬಂದ್ ಮಾಡಿ, ಕೀಲಿ ಕಿಸೆಯಲ್ಲಿಟ್ಟುಕೊಂಡು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ. ಅದೂ ದೊಡ್ಡವರ ಕೈಯಿಂದ. ಮಕ್ಕಳು ಅಳತೆ ಬರೆದುಕೊಳ್ಳಲಿ.

ಮೊದಲು ಯಂತ್ರಕ್ಕೆ ಹೋಗುವ ನಡುವಿನ ಶಾಫ್ಟನ್ನು ಕಳಚಿ ಪಕ್ಕಕ್ಕಿಡಿ. ಎಷ್ಟೋ ಸಲ ಸಡಿಲು ಇರುವುದು ಅದರ ಕ್ರಾಸಿನಲ್ಲಿ ಇಲ್ಲವೆ ಹಲ್ಲಿನ ತೂತಿರುವ ಅದರ ಬಾಯಿಯಲ್ಲಿ. ಬೈಸಿಕೊಳ್ಳುವುದು ಮಾತ್ರ ಟ್ರ್ಯಾಕ್ಟರು. ಈಗ ಉಳಿದ ತುಂಡು ಶಾಫ್ಟನ್ನು ಕೈಯಲ್ಲಿ ಹಿಡಿದು ಮೂರು ಬಗೆಯಾಗಿ ಅಲುಗಿಸಿ: ತಿರುಗಿಸಿ, ಮೇಲೆ ಕೆಳಗೆ ಒತ್ತಿ, ಹಿಂದೆ ಮುಂದೆ ಎಳೆದು.

ತಿರುಗಿಸುವಾಗ ಪಿ.ಟಿ.ಓ. ಸನ್ನೆ ಗೇರಿನಲ್ಲಿರಬೇಕು. ನ್ಯೂಟ್ರಲ್‌ನಲ್ಲಿ ಶಾಫ್ಟು ಸಲೀಸಾಗಿ ತಿರುಗಿದರೆ ಅದು ದೋಷವಲ್ಲ. ಗೇರಿನಲ್ಲಿದ್ದಾಗಲೂ ಒಂದಿಷ್ಟು ಆಚೀಚೆ ಆಡಿಯೇ ಆಡುತ್ತದೆ. ಹಲ್ಲಿಗೂ ಹಲ್ಲಿಗೂ ನಡುವೆ ಎಣ್ಣೆ ನಿಲ್ಲಲು ಜಾಗ ಬೇಕಲ್ಲ! ಆದರೆ ಎಷ್ಟು? 30 ಸೆಂ.ಮೀ. ಉದ್ದದ ಸೈಕಲ್ ಕಡ್ಡಿಯೊಂದರ ಬುಡವನ್ನು ಶಾಫ್ಟಿನ ತುದಿಯ ನಟ್ಟನಡುವೆ ಬರುವಂತೆ ಅಡ್ಡಲಾಗಿ ಕಟ್ಟಿ. ಶಾಫ್ಟು ಒಂದು ಡಿಗ್ರಿ ತಿರುಗಿದರೆ ಅದರ ಮೈಯಲ್ಲಿ ಕಾಣುವುದು ಬರೀ 0.3 ಮಿ.ಮೀ. ಚಲನೆ. ಕಡ್ಡಿಯ ತುದಿ ಮಾತ್ರ 5 ಮಿ.ಮೀ.ಗೂ ಮಿಕ್ಕಿ ಸರಿಯುತ್ತದೆ. ಹಿಂದೊಂದು ರಟ್ಟು ನಿಲ್ಲಿಸಿ ಗುರುತು ಮಾಡಿ, ತಾರೀಖು ಹಾಕಿಡಿ. ಮುಂದಿನ ಸುಗ್ಗಿಗೆ ಮತ್ತೆ ಅಳೆದರೆ ಸವೆತ ಎಷ್ಟು ಹೆಚ್ಚಿತೆಂದು ರಟ್ಟೇ ಹೇಳುತ್ತದೆ.

ಹಲ್ಲು ಸವೆದಿರುವುದು ಶಾಫ್ಟಿನದೋ, ನಡುವಿನ ಶಾಫ್ಟಿನ ಬಾಯಿಯದೋ ಎಂಬ ಅನುಮಾನ ಬಂದರೆ ಪ್ರಯೋಗ ಸುಲಭ. ನೆರೆಯವರ ಹೊಸ ರೋಟಾವೇಟರಿನ ಶಾಫ್ಟಿನ ಬಾಯಿಯನ್ನು ನಿಮ್ಮ ಟ್ರ್ಯಾಕ್ಟರಿಗೆ ತೊಡಿಸಿ ನೋಡಿ. ಬಿಗಿಯಾಗಿ ಕುಳಿತರೆ ನಿಮ್ಮ ಟ್ರ್ಯಾಕ್ಟರಿನ ಹಲ್ಲು ಗಟ್ಟಿಯಾಗಿವೆ, ಹಳೆಯ ಬಾಯಿ ಬದಲಿಸಿದರೆ ಸಾಕು. ಒಂದು ಅಂಶವನ್ನಷ್ಟೇ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕೆಂದು ಪ್ರಯೋಗಶಾಲೆಯಲ್ಲಿ ಹೇಳುವುದು ಇದನ್ನೇ.

ಹಲ್ಲಿನ ಸವೆತವನ್ನು ಏಕೆ ಹಗುರವಾಗಿ ಎಣಿಸಬಾರದು? 30 ಅಶ್ವಶಕ್ತಿ ಈ ಶಾಫ್ಟಿನಲ್ಲಿ 540 ಸುತ್ತಿಗೆ ಹರಿಯುವಾಗ ತಿರುಚುಬಲ ಸುಮಾರು 400 ನ್ಯೂಟನ್-ಮೀಟರು. ಹಲ್ಲು ಇರುವುದು ನಡುವಿನಿಂದ 16 ಮಿ.ಮೀ. ದೂರದಲ್ಲಿ. ಭಾಗಿಸಿ ನೋಡಿದರೆ ಹಲ್ಲುಗಳ ಮೇಲೆ ಬೀಳುವ ಒತ್ತು ಎರಡೂವರೆ ಟನ್ನಿನ ಹತ್ತಿರ. ಆರೂ ಹಲ್ಲು ಹಂಚಿಕೊಂಡರೆ ಒಂದೊಂದಕ್ಕೆ 400 ಕಿಲೋಗೂ ಮಿಕ್ಕಿ. ಸವೆದು ಎರಡೇ ಹಲ್ಲು ಭಾರ ಹೊರುವಂತಾದರೆ ಒಂದೊಂದಕ್ಕೆ 1200 ಕಿಲೋ ದಾಟುತ್ತದೆ. ಹಾಗಾಗಿ ಸವೆತ ಒಮ್ಮೆ ಶುರುವಾದರೆ ಓಡತೊಡಗುತ್ತದೆ.

ಮೇಲೆ ಕೆಳಗೆ ಅಲುಗಾಡಿದರೆ ಕಥೆ ಬೇರೆ. ಅದು ಹಿಂದಿನ ಬೇರಿಂಗಿನದು, ಇಲ್ಲವೆ ಬೇರಿಂಗು ಕೂರುವ ಮನೆಯದು. ಬೆರಳಿಗೆ ತುಸು ತಿಳಿದರೆ ಹೆದರಬೇಕಿಲ್ಲ. ಕಣ್ಣಿಗೆ ಕಂಡರೆ ಬಿಚ್ಚಲೇಬೇಕು. ಶಾಫ್ಟಿನ ಬುಡದಿಂದ ಎಣ್ಣೆ ಜಿನುಗುತ್ತಿದ್ದರೆ ಅದೂ ಇದರದೇ ಸಾಕ್ಷಿ, ಏಕೆಂದರೆ ಕುಣಿಯುವ ಶಾಫ್ಟನ್ನು ಆಯಿಲ್ ಸೀಲಿನ ರಬ್ಬರು ತುಟಿ ಬಿಗಿಹಿಡಿಯಲಾರದು. ಬರೀ ಸೀಲು ಬದಲಿಸಿ ಕಳಿಸುವ ರಿಪೇರಿಗೆ ಕೊಟ್ಟ ದುಡ್ಡು ಎಣ್ಣೆಯ ಜೊತೆಗೇ ಸೋರಿಹೋಗುತ್ತದೆ.

ಹಿಂದೆ ಮುಂದೆ ಸರಿದರೆ ಶಾಫ್ಟನ್ನು ಅದರ ಜಾಗದಲ್ಲಿ ಹಿಡಿದಿಡುವ ಸರ್ಕ್ಲಿಪ್ಪು ಮುರಿದಿರಬಹುದು, ಮುಚ್ಚಳದ ಬೋಲ್ಟು ಸಡಿಲಾಗಿರಬಹುದು.

ಈ ಕೊನೆಯ ಎರಡಕ್ಕೂ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಇಡೀ ಗೇರ್‌ಬಾಕ್ಸು ಬಿಚ್ಚಬೇಕಿಲ್ಲ. ಎಣ್ಣೆ ಇಳಿಸಿ, ಹಿಂದಿನ ಮುಚ್ಚಳದ ಬೋಲ್ಟು ತೆಗೆದರೆ ಶಾಫ್ಟು ಬೇರಿಂಗಿನ ಸಮೇತ ಹೊರಬರುತ್ತದೆ. ಇಳಿಸಿದ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿ ನೋಡಿ. ಕಾಡಿಗೆಯಂಥ ನುಣುಪು ಮಸಿ ಹತ್ತಿದರೆ ಅದು ದಿನದ ಸವೆತ. ಕಬ್ಬಿಣದ ಚಕ್ಕೆ ಹತ್ತಿದರೆ ಮಾತ್ರ ಒಳಗಿನ ಗೇರು ನೋಡಬೇಕು. ಆಗ ಗ್ಯಾರೇಜಿನವರ ಮಾತೇ ಸರಿ.

ಬೇರಿಂಗಿನ ಬಳೆಯ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಉದಾಹರಣೆಗೆ 6207. ಕೊನೆಯ ಎರಡು ಅಂಕಿ 07, ಅದನ್ನು 5ರಿಂದ ಗುಣಿಸಿದರೆ 35, ಅದೇ ಒಳಗಿನ ತೂತಿನ ವ್ಯಾಸ. ಅಂಗಡಿಯವ ಕೊಟ್ಟದ್ದನ್ನು ತರುವ ಬದಲು ಸಂಖ್ಯೆ ಬರೆದುಕೊಂಡು ಹೋಗಿ. ಹೊಸದನ್ನು ಕೂರಿಸುವಾಗ ಸುತ್ತಿಗೆಯಿಂದ ಹೊರಬಳೆಗೆ ಹೊಡೆದರೆ ಏಟು ಗುಂಡುಗಳ ಮೂಲಕವೇ ಹೋಗಿ ದಾರಿಯಲ್ಲಿ ಹಳ್ಳ ಬೀಳುತ್ತದೆ. ಬೇರಿಂಗು ಕೂರುವ ಮೊದಲೇ ಕೆಟ್ಟಿತು. ಅದರ ಬದಲು ಎಣ್ಣೆಯಲ್ಲಿ 95 ಡಿಗ್ರಿಯವರೆಗೆ ಬಿಸಿ ಮಾಡುತ್ತಾರೆ. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 70 ಡಿಗ್ರಿ ಏರಿದರೆ 35 ಮಿ.ಮೀ. ತೂತು ಹಿಗ್ಗುವುದು 0.03 ಮಿ.ಮೀ. ಅಷ್ಟೇ ಸಾಕು, ಬೇರಿಂಗು ತಾನೇ ಜಾರಿ ಕೂರುತ್ತದೆ.

ಬೇರಿಂಗಿನ ಮನೆಯೇ ಸವೆದಿದ್ದರೆ ಕೆಲವರು ಸುತ್ತಲೂ ಪಂಚಿನಿಂದ ಕುಟ್ಟಿ ಬಿಗಿ ಮಾಡಿಕೊಡುತ್ತಾರೆ. ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಹುಬ್ಬಳ್ಳಿಗೆ ಒಯ್ದು ಲೇತಿನಲ್ಲಿ ಕೊರೆಸಿ ಬುಷ್ ಹಾಕಿಸುವುದೇ ಸರಿಯಾದ ಕೆಲಸ. ಹಲ್ಲು ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿಸುವುದಂತೂ ಬೇಡವೇ ಬೇಡ. ಆ ಉಕ್ಕಿಗೆ ಕೊಟ್ಟ ಹದ ವೆಲ್ಡಿಂಗಿನ ಕಾವಿಗೆ ಹೋಗಿಬಿಡುತ್ತದೆ. ಹೊಸ ಶಾಫ್ಟು ದುಬಾರಿ ನಿಜ, ಆದರೂ ಅದನ್ನೇ ಹಾಕಿಸಿ.

ಇಷ್ಟು ಮಾಡಿಯೂ ಮುಂದಿನ ವರ್ಷ ಮತ್ತೆ ಅಲುಗಾಡಿದರೆ? ಕಾರಣವನ್ನು ಟ್ರ್ಯಾಕ್ಟರಿನ ಹೊರಗೆ ಹುಡುಕಬೇಕು. ಕ್ರಾಸು ಓರೆಯಾಗಿ ತಿರುಗುವಾಗ ಆಚೆಯ ಶಾಫ್ಟಿನ ವೇಗ ಒಂದೇ ಸಮ ಇರುವುದಿಲ್ಲ. 30 ಡಿಗ್ರಿ ಓರೆಯಿದ್ದರೆ 540ರ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ 468ಕ್ಕೆ ಇಳಿದು 624ಕ್ಕೆ ಏರುತ್ತದೆ. ಎರಡು ತುದಿಯ ಎರಡು ಕ್ರಾಸುಗಳು ಒಂದರ ಏರಿಳಿತವನ್ನು ಇನ್ನೊಂದು ಅಳಿಸಲೆಂದೇ ಇವೆ. ಆದರೆ ನಡುವಿನ ಶಾಫ್ಟನ್ನು ಕಳಚಿ ಜೋಡಿಸುವಾಗ ಅದರ ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಬರಬೇಕು. ಕಾಲು ಸುತ್ತು ತಪ್ಪಿಸಿ ಕೂಡಿಸಿದರೆ ಏರಿಳಿತ ಅಳಿಯುವ ಬದಲು ಕೂಡಿಕೊಳ್ಳುತ್ತದೆ, ಆ ಪೆಟ್ಟು ಹಲ್ಲಿಗೂ ಬೇರಿಂಗಿಗೂ ಬೀಳುತ್ತದೆ. ಬದುವಿನಲ್ಲಿ ಹೊರಳುವಾಗ ರೋಟಾವೇಟರನ್ನು ತಿರುಗುತ್ತಿರುವಂತೆಯೇ ಎತ್ತುವುದೂ ಇಂಥದ್ದೇ. ಇನ್ನು ನಡುವಿನ ಶಾಫ್ಟು ಉದ್ದ ಹೆಚ್ಚಾಗಿದ್ದರೆ ಯಂತ್ರ ಎತ್ತಿದಾಗ ಅದು ಒಳಗೆ ಸರಿಯಲು ಜಾಗವಿಲ್ಲದೆ ಟ್ರ್ಯಾಕ್ಟರಿನ ಶಾಫ್ಟನ್ನು ಒಳಕ್ಕೆ ಗುದ್ದುತ್ತದೆ. ಸರ್ಕ್ಲಿಪ್ಪು ಮುರಿಯಲು ಇಷ್ಟು ಸಾಕು.

ಬದಲಿಸಿದ ಹಳೆಯ ಬೇರಿಂಗನ್ನು ಗುಜರಿಗೆ ಹಾಕುವ ಮೊದಲು ಡೀಸೆಲ್ಲಿನಲ್ಲಿ ತೊಳೆದು ಒರೆಸಿ ಶಾಲೆಗೆ ತನ್ನಿ. ಹೊರಬಳೆ ಹಿಡಿದು ಒಳಬಳೆಯನ್ನು ಮೆಲ್ಲಗೆ ತಿರುಗಿಸಿದಾಗ ಎಲ್ಲಿ ತಡೆಯುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಘರ್ಷಣೆಯ ಪಾಠಕ್ಕೆ ಅದನ್ನೇ ಮೇಜಿನ ಮೇಲೆ ಇಟ್ಟುಕೊಳ್ಳೋಣ.